ಮಾರು ದೂರದ ಮಗಳು

ಥೈರಾಯ್ಡ್ ಗಂಟಿನ ಆಪರೇಷನ್ ಆದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನಗೆ ಒಂದು ಔಷಧ ಕುಡಿಸಿದರು. ನೋಡಲು ನೀರು, ರುಚಿಯೂ ನೀರು. ಕುಡಿಸಿದವರು ಮಾತ್ರ ಬಾಗಿಲಾಚೆ ಹೋಗಿ ನಿಂತರು. ಅದರಲ್ಲಿ ವಿಕಿರಣ ಇದೆಯಂತೆ. ಒಳಗೆ ಉಳಿದ ರೋಗವನ್ನು ಸುಡುತ್ತದಂತೆ, ಆದರೆ ಕೆಲವು ದಿನ ನನ್ನ ಮೈಯಿಂದ ಹೊರಗೂ ಸೂಸುತ್ತದಂತೆ. ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಸಿದರು: ಯಾರ ಬಳಿಯೂ ಹೆಚ್ಚು ಹೊತ್ತು ಕೂರಬೇಡಿ, ಮಾರು ದೂರ ಇರಿ, ಸಾಧ್ಯವಾದರೆ ನಡುವೆ ಗೋಡೆ ಇರಲಿ. ಸಣ್ಣ ಮಕ್ಕಳನ್ನಂತೂ ಹತ್ತಿರ ಬಿಟ್ಟುಕೊಳ್ಳಲೇಬೇಡಿ.

ಹಂಸಭಾವಿಯ ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಮಗಳಿದ್ದಳು. ನನ್ನ ಕುತ್ತಿಗೆಗೆ ಕೈ ಹಾಕದೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಪಡಸಾಲೆಯ ಪಕ್ಕದ ಕೋಣೆ ಹಿಡಿದೆ. ಜ್ವರವಿಲ್ಲ, ನೋವಿಲ್ಲ, ಕೈ ನೋಡಿಕೊಂಡರೆ ಅದೇ ಕೈ. ಕಾಣದ್ದಕ್ಕೆ ಹೆದರುವುದು ಹೇಗೆ? ಹೆದರದೆ ಇರುವುದಾದರೂ ಹೇಗೆ? ಮಗಳು ಕರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಊಟದ ತಾಟನ್ನು ಹೊಸ್ತಿಲಲ್ಲೇ ಇಡಿ ಎಂದದ್ದಕ್ಕೆ ಅತ್ತೆಗೆ ಸಿಟ್ಟು ನೆತ್ತಿಗೇರಿತು.

“ಸೂತಕ, ಮೈಲಿಗಿ ನಮ್ಮಾಗಿಲ್ಲ. ಹೆರಿಗಿ ಆಗ್ಲಿ, ಸಾವ ಆಗ್ಲಿ, ಈ ಮನ್ಯಾಗ ಯಾರನ್ನೂ ಹೊರಗ ಕುಂದ್ರಿಸಿಲ್ಲ. ಲಿಂಗ ಕಟ್ಟಿದ ಮೈ ನಿಂದು. ನೀ ಯಾಕ ಹಿಂಗ ಕುಂತಿ?”

“ಇದು ಮೈಲಿಗಿ ಅಲ್ರಿ ಅತ್ತಿ. ಇದು ಬ್ಯಾರೆ.”

“ಬ್ಯಾರೆ ಅಂದ್ರ ಏನು?”

ಕಣ್ಣಿಗೆ ಕಾಣುವುದಿಲ್ಲ, ಹತ್ತಿರ ಬರಬಾರದು, ದಿನ ಕಳೆದರೆ ತಾನೇ ಹೋಗುತ್ತದೆ ಎಂದೆ. ಹೇಳಿದ್ದೆಲ್ಲ ನನ್ನ ಕಿವಿಗೇ ಮೈಲಿಗೆಯ ಹಾಗೆ ಕೇಳಿಸಿತು. ಮನೆಯವರು ಎಂದೂ ಒಪ್ಪದ್ದನ್ನು ಬಿಎಸ್ಸಿ ಓದಿದ ಸೊಸೆ ಒಳಗೆ ತಂದಳು ಎಂದು ಅವರಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಮರುದಿನ ಮಧ್ಯಾಹ್ನ ಎಚ್ಚರವಾದಾಗ ಕುತ್ತಿಗೆಗೆ ಬಿಸಿ ಉಸಿರು ತಾಗುತ್ತಿತ್ತು. ಮಗಳು! ನಾನು ನಿದ್ದೆಯಲ್ಲಿದ್ದಾಗ ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿ, ಇನ್ನೇನೂ ಉಳಿದಿಲ್ಲ ಎಂದುಕೊಂಡು ಅವಳನ್ನು ತಂದು ಪಕ್ಕದಲ್ಲಿ ಮಲಗಿಸಿದ್ದರು. ನಾನು ಕಿರುಚಿಕೊಂಡು ಎದ್ದು ಗೋಡೆಗೆ ಅಂಟಿ ನಿಂತೆ. ಮಗಳು ಹೆದರಿ ಎರಡೂ ಕೈ ಚಾಚಿ ಅತ್ತಳು. ಅತ್ತೆ ಓಡಿ ಬಂದು ಎತ್ತಿಕೊಂಡು ಹೋಗುವವರೆಗೆ ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ಅಂಥ ಸಂಕಟ ಯಾವ ತಾಯಿಗೂ ಬೇಡ.

ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮಗು ಎಷ್ಟು ಹೊತ್ತು ಮಲಗಿತ್ತು ಎಂದು ಕೇಳಿದರು.

“ಈಗಷ್ಟ ಮಲಗಿಸಿದ್ದೆರಿ,” ಎಂದರು ಅತ್ತೆ.

“ಅಷ್ಟಕ್ಕ ಏನೂ ಆಗಂಗಿಲ್ಲ, ಅಮ್ಮಾರ. ಗಾಬರಿ ಆಗಬ್ಯಾಡ್ರಿ. ಇದನ್ನ ಒಲಿ ಝಳ ಇದ್ದಂಗ ಅಂತ ತಿಳೀರಿ. ದೂರ ಸರದ್ರ ಕಡಿಮಿ ಆಕೈತಿ, ಅಡ್ಡ ಏನರ ಇದ್ರ ಇನ್ನೂ ಕಡಿಮಿ. ನಾ ಹೇಳೂತನಕ ಕೂಸಿನ್ನ ಹತ್ರ ಬಿಡಬ್ಯಾಡ್ರಿ.”

ಸಂಜೆ ಮಗಳು ಅವ್ವ ಬೇಕು ಎಂದು ಮತ್ತೆ ಹಟ ಹಿಡಿದಳು. ಅತ್ತೆ ಅವಳನ್ನು ಕರೆತಂದು, ಹೊಸ್ತಿಲಿಂದ ಸಾಕಷ್ಟು ಆಚೆ, ನನ್ನ ಕಡೆ ಬೆನ್ನು ಮಾಡಿ ಕೂತರು. ಮಗಳು ಅವರ ತೊಡೆಯ ಮೇಲೆ. ಹೆಗಲ ಮೇಲಿಂದ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು.

“ಅತ್ತಿ, ನಿಮಗೂ ತಾಗತೈತ್ರಿ. ಹಿಂಗ ಬೆನ್ನು ಕೊಟ್ಟು ಕುಂದ್ರಬ್ಯಾಡ್ರಿ, ಸರೀರಿ.”

ಅತ್ತೆ ತಿರುಗಿ ನೋಡಲಿಲ್ಲ. ಸೆರಗನ್ನು ಬೆನ್ನ ತುಂಬ ಎಳೆದುಕೊಂಡರು.

“ನಾ ಸರದ್ರ ಕೂಸಿಗೆ ಅಡ್ಡ ಯಾರ ಅದಾರ?”