ಯಾವ ಹೊಡ್ತ

ಮೊದಲು ಸದ್ದು ಕೇಳಿತು. ನೋವು ಆಮೇಲೆ ಬಂತು.

ರಾಯಚೂರಿನ ಜಿನ್ನಿಂಗ್ ಮಿಲ್ಲೊಂದರಲ್ಲಿ ನಾನು ಒತ್ತಿ ಕಟ್ಟಿದ ಹತ್ತಿ ಬೇಲುಗಳ ತೂಕ ಬರೆಯುತ್ತೇನೆ. ಪೇರಿಸಿದ ಅಟ್ಟಿಯಿಂದ ಜಾರಿದ ಬೇಲಿನ ಅಂಚು ನನ್ನ ಎಡಭುಜಕ್ಕೆ ಬಡಿದಿತ್ತು. ಎಕ್ಸ್‌ರೇಯಲ್ಲಿ ಕಾಲರ್ ಬೋನ್ ಮುರಿದದ್ದು ಕಂಡಿತು. ಅದೇ ದಿನದ ಬ್ಲಡ್ ಟೆಸ್ಟಿನಲ್ಲಿ ಇನ್ನೊಂದು ಕಂಡಿತು.

ಶುಗರ್.

ನನ್ನ ಕಣ್ಣು ಮಂಜಾಗುವುದು, ಅಂಗಾಲು ಉರಿಯುವುದು ಅದರಿಂದಲೇ ಇರಬಹುದು ಎಂದರು ಆಸ್ಪತ್ರೆಯವರು.

ಮಿಲ್ಲಿನ ಪರಿಹಾರದ ಅರ್ಜಿ ಬರೆಯಲು ದೇವದುರ್ಗದಿಂದ ತಮ್ಮ ಭೀಮಣ್ಣ ಬಂದ. ನಾನು ಹೇಳುತ್ತ ಹೋದೆ. ನಮ್ಮ ಕಡೆ ಎಲ್ಲದಕ್ಕೂ ಒಂದೇ ಮಾತು: ಬಿಸಿಲಿನದೂ ಹೊಡ್ತ, ಬೇಲಿನದೂ ಹೊಡ್ತ, ಸಕ್ಕರೆಯದೂ ಹೊಡ್ತ. ನಾನು ಹೊಡ್ತ ಎಂದಲ್ಲೆಲ್ಲ ಅವನು ‘ಪೆಟ್ಟು’ ಎಂದು ಬರೆದ. ಓದಿ ನೋಡಿದರೆ ಆ ಬೇಲು ನನ್ನ ಭುಜ, ಕಣ್ಣು, ಅಂಗಾಲು ಮೂರಕ್ಕೂ ಬಡಿದಿತ್ತು.

“ಲೇ, ನಿಂತಾಕಿ ಅಂಗಾಲಿಗೆ ಬೇಲು ಹ್ಯಾಂಗ ಬಡೀತು?”

“ನೀನ ಹೊಡ್ತ ಅಂದೆಲ್ಲಬೇ. ಇರ್ಲಿ ಬಿಡು. ಮೂರು ಬರದ್ರ ಒಂದರ ಸಿಗ್ತದ.”

ನಗು ಬಂತು. ನಕ್ಕದ್ದಕ್ಕೆ ಭುಜ ಚುಚ್ಚಿತು.

ಆದರೆ ನನಗೇ ತಿಳಿಯಬೇಕಿತ್ತು, ಯಾವುದು ಮಿಲ್ಲಿನದು, ಯಾವುದು ನನ್ನದು. ಪೆಟ್ಟಾದ ಮೇಲೆ ಕಣ್ಣಿನ ಮಂಜು ಹೆಚ್ಚಾದದ್ದು ನಿಜ. ಹೋದ ವರ್ಷ ಮಾನ್ವಿಯ ಕಣ್ಣಿನ ಕ್ಯಾಂಪಿನಲ್ಲಿ ಶುಗರ್ ಟೆಸ್ಟಿಗೆ ಚೀಟಿ ಬರೆದುಕೊಟ್ಟಿದ್ದೂ ನಿಜ. ನಾನು ಮಾಡಿಸಿರಲಿಲ್ಲ. ಸುಮ್ಮನಿದ್ದರೆ ಕಣ್ಣಿನ ಚಿಕಿತ್ಸೆಯೂ ಮಿಲ್ಲಿನ ಹೆಗಲಿಗೆ ಹೋಗಬಹುದು; ಆ ಚೀಟಿ ಹೊರಬಂದರೆ ಮುರಿದ ಎಲುಬನ್ನೂ ಅವರು ಸುಳ್ಳೆನ್ನಬಹುದು.

ಸರ್ಟಿಫಿಕೇಟ್ ಕೊಡುವ ಡಾಕ್ಟರು ಅರ್ಜಿಯನ್ನು ಎರಡು ಸಲ ಓದಿದರು. “ಕಣ್ಣು ಯಾವಾಗಿಂದ ಹಿಂಗದಾವಮ್ಮ?”

ಟೇಬಲ್ಲಿನ ಕೆಳಗೆ ಭೀಮಣ್ಣ ನನ್ನ ಕಾಲು ತುಳಿದ.

ತುಳಿದದ್ದು ಕಂಡಿತು. ಕಾಲಿಗೆ ತಿಳಿಯಲಿಲ್ಲ.

“ವರ್ಷದ ಮ್ಯಾಲಾತ್ರಿ,” ಎಂದೆ. ಚಪ್ಪಲಿ ಬಿಟ್ಟು ಪಾದ ಮುಂದೆ ಚಾಚಿದೆ. “ಕಾಲು ನೋಡ್ರಿ ಮೊದ್ಲ.”

ಅವರು ಪಾದಕ್ಕೆ ಅಲ್ಲಲ್ಲಿ ತೆಳು ಪ್ಲಾಸ್ಟಿಕ್ ಎಳೆಯೊಂದನ್ನು ಒತ್ತಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳಿ ನೋಡಿದರು. ಭುಜ ಬೇಲಿನದು, ಕಣ್ಣು ಮತ್ತು ಪಾದ ಶುಗರಿನವು ಎಂದು ಬರೆದರು.

“ಎಲುಬು ಕೂಡಾಕ ತಡ ಆಗಾಕತ್ತದಲ್ರಿ, ಅದು ಯಾರದು?” ಎಂದು ಕೇಳಿದೆ.

“ಅದು ಎರಡರದೂ,” ಎಂದರು. “ಎಷ್ಟೆಷ್ಟು ಅಂತ ನನಗೂ ಹೇಳಾಕ ಬರಂಗಿಲ್ಲ.”

ಹೊರಗೆ ಬಂದ ಮೇಲೆ ಭೀಮಣ್ಣ ಬಗ್ಗಿ ನನ್ನ ಪಾದ ನೋಡಿದ. “ಜೋರಾಗೇ ತುಳಿದಿದ್ನೆಲ್ಲಬೇ ಅಕ್ಕಾ,” ಎಂದ.

ಭುಜದ ಅರ್ಜಿಗೆ ಒಪ್ಪಿಗೆ ಸಿಕ್ಕಿದೆ. ಉಳಿದವು ನನ್ನ ಪಾಲಿಗೆ ಉಳಿದವು. ದಿನಾ ಬೆಳಿಗ್ಗೆ ಬಾಗಿಲ ಬೆಳಕಿಗೆ ಕೂತು, ಅಂಗಾಲು ತಿರುಗಿಸಿ, ಕಾಲಿಗೆ ತಿಳಿಯದೆ ಆಗಿರಬಹುದಾದ ಗಾಯ ಹುಡುಕುತ್ತೇನೆ.

ಈವರೆಗೆ ಸಿಕ್ಕಿಲ್ಲ.