ಗಾಜಿನೊಳಗಿನ ಕಾಲುಚೀಲ

ಬೆವರು ಒರೆಸಿಕೊಳ್ಳುವುದರಲ್ಲೇ ದಿನ ಕಳೆಯುವ ಮುಂಬಯಿಯಲ್ಲಿ ಉಲ್ಲನ್ ಹೆಣೆದು ಬದುಕುವವರಿದ್ದಾರೆ ಎಂದರೆ ಊರಿನವರು ನಗುತ್ತಾರೆ. ನಗಲಿ. ಕುರ್ಲಾದ ನಮ್ಮ ಚಾಳಿನ ಶೀಲಾವತಿ, ಎಲ್ಲರ ಶೀಲಕ್ಕ, ಹಾಗೆಯೇ ಬದುಕಿದವರು. ದಾದರಿನಲ್ಲಿರುವ ಮನೀಶನ ಅಂಗಡಿಗೆ ಹೊಸ ನೂಲು ಬಂದಾಗಲೆಲ್ಲ ಅದರಲ್ಲೊಂದು ಟೋಪಿಯನ್ನೋ ಕಾಲುಚೀಲವನ್ನೋ ಹೆಣೆದುಕೊಡುವುದು ಅವರ ಕೆಲಸ. ಗಾಜಿನೊಳಗೆ ಅದನ್ನು ಕಂಡು ಗಿರಾಕಿಗಳು ನೂಲು ಕೊಳ್ಳಬೇಕು.

ಅದು ತೋರಿಸಲಿಕ್ಕೆ ಮಾತ್ರ. ಆಮೇಲೆ ಬಿಚ್ಚುವುದಿದ್ದೇ ಇದೆ ಎಂದು ಶೀಲಕ್ಕ ಒಳಗಿನ ಎಳೆಗಳನ್ನು ಕಟ್ಟದೆ ಸಡಿಲವಾಗಿ ಬಿಡುತ್ತಿದ್ದರು. ಹೊರಗೆ ಹೂವು, ಒಳಗೆ ಬಾಚದ ತಲೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ಒಂದು ದಿನ ಇಬ್ಬರೂ ಅಂಗಡಿಗೆ ಹೋದರೆ, ಹಿಂದಿನ ವಾರ ಶೀಲಕ್ಕ ಹೆಣೆದುಕೊಟ್ಟಿದ್ದ ಕೂಸಿನ ಗುಲಾಬಿ ಕಾಲುಚೀಲ ಗಾಜಿನೊಳಗೆ ಇರಲಿಲ್ಲ.

“ಎಲ್ಲಿ ಮಾರಾಯ?” ಶೀಲಕ್ಕ ಕೇಳಿದರು.

“ವಿಕ್ರೋಳಿಯ ಮೇಡಮ್ ಬಹುತ್ ಜಿದ್ ಮಾಡಿದ್ರು ಆಂಟಿ,” ಮನೀಶ ಹೇಳಿದ. “ನಿನ್ನೆ ಕೊಟ್ಟೆ. ಅವರ ಬೇಬಿಗೆ.”

ಶೀಲಕ್ಕನ ಮುಖ ಬಿಳಿಚಿತು. “ಒಳಗೆ ಎಳೆ ಉಂಟಲ್ಲ! ಬೆರಳಿಗೆ ಸುತ್ತಿಕೊಂಡರೆ?”

ಹಿಂದೆ ಚಾಳಿನ ಕೂಸೊಂದರ ಕಾಲ್ಬೆರಳಿಗೆ ತಲೆಗೂದಲು ಬಿಗಿದು ಬೆರಳೇ ಹೋದದ್ದನ್ನು ನಾವು ಕಂಡಿದ್ದೆವು. ಮನೀಶ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ವಿಳಾಸ ಕೇಳಿಕೊಂಡು ಸ್ಟೇಷನ್ನಿಗೆ ಓಡಿದೆವು.

ಲೋಕಲ್ಲಿನಲ್ಲಿ ಸೀಟಿದ್ದರೂ ಶೀಲಕ್ಕ ಬಾಗಿಲಲ್ಲೇ ನಿಂತರು.

“ಕೂಸಿಗೆ ಅಳುವುದೊಂದೇ ಗೊತ್ತು. ಹಸಿವು ಅಂತ ಹಾಲು ಕೊಡ್ತಾರೆ,” ಎಂದರು. ಮನೀಶನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೆಟ್ಟಿಲು ಹತ್ತುವಾಗಲೇ ಮಗುವಿನ ಅಳು ಕೇಳಿತು. ಬಾಗಿಲು ತೆರೆದ ತಾಯಿ ಯಕ್ಷಿತಾ, ನಮ್ಮ ಕಡೆಯವಳೇ, ತಾನೂ ಅಳುವಂತಿದ್ದಳು. “ಬೆಳಿಗ್ಗೆಯಿಂದ ಹೀಗೇ. ಹೊಟ್ಟೆನೋವೋ ಏನೋ. ನೀವು ಯಾರು?”

“ಅಂಗಡಿಯಿಂದ ಬಂದದ್ದು. ಮೊದಲು ಕಾಲುಚೀಲ ತೆಗಿ!” ಎಂದು ಶೀಲಕ್ಕ ಮಗುವನ್ನು ಮಡಿಲಿಗೆ ಎಳೆದುಕೊಂಡೇಬಿಟ್ಟರು.

ಕಿರುಬೆರಳು ಊದಿ ನೀಲಿಗಟ್ಟಿತ್ತು. ನೂಲಿನ ಎಳೆ ಚರ್ಮದೊಳಗೆ ಹೂತಿತ್ತು. ಅವರು ಸಣ್ಣ ಕತ್ತರಿಯ ತುದಿ ತೂರಿಸುವಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಎಳೆ ತುಂಡಾಗಿ, ಬೆರಳು ನಿಧಾನವಾಗಿ ಕೆಂಪಾಗುತ್ತಿತ್ತು. ಮಗು ಬಿಕ್ಕುತ್ತಾ ಸುಮ್ಮನಾಯಿತು.

“ದೇವರ ಹಾಗೆ ಬಂದ್ರಿ ಆಂಟಿ,” ಯಕ್ಷಿತಾ ಶೀಲಕ್ಕನ ಕೈ ಹಿಡಿದುಕೊಂಡಳು. “ಇದನ್ನು ಹೆಣೆದವರು ಯಾರೋ, ಅವರ ಕೈ ಸೇದಿಹೋಗಲಿ!”

ಸುಮ್ಮನಿರಿ ಎಂದು ನಾನು ಶೀಲಕ್ಕನ ಸೆರಗು ಎಳೆದೆ. ಅವರು ಸುಮ್ಮನಿರಲಿಲ್ಲ.

“ನಾನೇ ಮಗಾ ಹೆಣೆದದ್ದು.”

ಯಕ್ಷಿತಾ ಕೈ ಬಿಟ್ಟಳು. ಮಗುವನ್ನು ಅವರ ಮಡಿಲಿನಿಂದ ಎತ್ತಿಕೊಂಡು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.