ಒಂಟಿ ಸೀನು

ದಿಂಬಿನ ಮೇಲೆ ಕಾಲಾಣೆಯಷ್ಟು ರಕ್ತದ ಕಲೆ. ಅದರ ಸುತ್ತ ತಿಳಿ ನೀರಿನ ಉಂಗುರ.

ನೀರು ನನ್ನ ಬಲ ಮೂಗಿನಿಂದ ಬರುತ್ತಿತ್ತು. ನೆಗಡಿ ಇರಲಿಲ್ಲ. ತುಟಿಗೆ ತಾಗಿದಾಗ ಉಪ್ಪುಪ್ಪಾಗಿತ್ತು.

ಹಿಂದಿನ ದಿನ ರಾಜಾಜಿನಗರದ ಮನೆಯಿಂದ ಬಿನ್ನಿಪೇಟೆಗೆ ಹೊರಟಿದ್ದೆ. ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಾಗಡಿ ರಸ್ತೆಯಲ್ಲಿ ಕುದುರೆ ಜಾರಿ ಜಟಕಾ ವಾಲಿತು. ಹೊರಗೆ ಬಿದ್ದೆ. ಹಣೆ ಮೋರಿಯ ಕಲ್ಲಿಗೆ ಬಡಿಯಿತು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ, ಎರಡೂ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

ಡಾಕ್ಟರು ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಸ್ಕಲ್ ಬೇಸ್ ಫ್ರ್ಯಾಕ್ಚರ್. ತಲೆಬುರುಡೆಯ ತಳ ಬಿರುಕು ಬಿಟ್ಟಿದೆಯಮ್ಮ. ಇದು ಮಿದುಳಿನ ಸುತ್ತ ಇರೋ ನೀರು.”

ಅದು ನನ್ನ ಕರ್ಚೀಫಿನಲ್ಲಿತ್ತು.

“ತಾನಾಗೇ ನಿಂತ್ರೆ ಸರಿ. ಸೋಂಕು ಒಳಗೆ ಹೋದ್ರೆ ಜೀವಕ್ಕೇ ಅಪಾಯ. ಬಗ್ಗಬೇಡಿ, ಮೂಗು ಸೀಟಬೇಡಿ. ಸೀನು ಬಂದ್ರೆ ಬಾಯಿ ತೆರೆದು ಸೀನಿ. ನೀವಾಗಿ ಮಾತ್ರ ಬರಿಸ್ಕೋಬೇಡಿ.”

ತಲೆ ಎತ್ತರಿಸಿ ಮಲಗಿಸಿದರು. ಪೆನ್ಸಿಲಿನ್ ಚುಚ್ಚಿದರು. ಓದುವಂತಿರಲಿಲ್ಲ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಸಂಜೆ ಒಂದು ಗಂಟೆ ಅಮ್ಮ ಬಂದು ಕೂರುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ನಾನು ಉಳಿಯುವುದಿಲ್ಲವೆಂದು ಅವಳಿಗೆ ಯಾರೋ ಹೇಳಿರಬೇಕು ಅಂದುಕೊಂಡೆ. ಕೇಳಲಿಲ್ಲ. ಉಳಿದ ಹೊತ್ತೆಲ್ಲ ತುಟಿಯ ಮೇಲೆ ಇಳಿಯುವ ಮುಂದಿನ ಹನಿಗೆ ಕಾಯುತ್ತಾ ಸೂರು ನೋಡುತ್ತಿದ್ದೆ. ಅಷ್ಟು ಮಂಚಗಳ ನಡುವೆ ನನ್ನ ಜೊತೆಗಿದ್ದದ್ದು ಆ ಹನಿಯೊಂದೇ.

ಎಂಟನೆಯ ದಿನ ಹನಿ ನಿಂತಿತು. ಯಾರಿಗೂ ಹೇಳಲು ಧೈರ್ಯವಾಗಲಿಲ್ಲ.

ಹನ್ನೆರಡನೆಯ ಸಂಜೆ, ಅಮ್ಮ ಎದುರಿಗಿದ್ದಾಗಲೇ, ಸೀನಿದೆ.

“ಒಂಟಿ ಸೀನು ಕಣೇ!” ಅಮ್ಮ ಸೆರಗಿನ ತುದಿ ಹೊಸೆದು ನನ್ನ ಮೂಗಿನ ಹತ್ತಿರ ತಂದಳು. “ಇನ್ನೊಂದು ಸೀನಿಬಿಡು.”

“ಬೇಡಮ್ಮ. ಡಾಕ್ಟರು ಬೇಡ ಅಂದಿದಾರೆ.”

“ಬಿಎಸ್ಸಿ ಮಾಡಿದೀಯ, ಇನ್ನೊಂದು ಸೀನೋಕಾಗಲ್ವೇ?”

ಪಕ್ಕದ ಮಂಚದ ಹೆಂಗಸು ನಕ್ಕಳು. ಅಮ್ಮ ನಗಲಿಲ್ಲ.

“ಅವತ್ತು ನೀನು ಜಟಕಾ ಹತ್ತೋವಾಗ ಸೀನಿದ್ದು ನಾನು. ಒಂದೇ ಸೀನು. ಒಂದು ಗಳಿಗೆ ಕೂತು ಹೋಗೇ ಅಂದೆ, ನೀನು ಹೊರಟೇಬಿಟ್ಟೆ. ನಾನಾದ್ರೂ ಇನ್ನೊಂದು ಸೀನಬೇಕಿತ್ತು. ಬರಲೇ ಇಲ್ಲ.”

ಹನ್ನೆರಡು ದಿನ ಅವಳು ಬಾಯಿ ಬಿಡದೆ ಹೊತ್ತಿದ್ದದ್ದು ಇದನ್ನು.

“ಕುದುರೆ ಜಾರಿದ್ದಮ್ಮ,” ಅಂದೆ. ಅವಳು ನಂಬಲಿಲ್ಲ. ಸೆರಗು ಮಾತ್ರ ಹಿಂದಕ್ಕೆ ತೆಗೆದುಕೊಂಡಳು. ಅವಳು ಹೋದ ಮೇಲೆ ತುಟಿಯ ಮೇಲೆ ತೇವ ಇದ್ದಂತಾಯಿತು. ಮುಟ್ಟಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಮಂಚದ ಅಂಚಿನಲ್ಲಿ ಕೂರಿಸಿ ತಲೆ ಬಗ್ಗಿಸಲು ಹೇಳಿದರು. ನೂರರವರೆಗೆ ಎಣಿಸಿದೆ. ಏನೂ ಬೀಳಲಿಲ್ಲ. ಅವತ್ತು ಬೆಳಿಗ್ಗೆಯೇ ಬಂದಿದ್ದ ಅಮ್ಮ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ನೆಲ ಸವರಿ ನೋಡಿದಳು.

“ಸದ್ಯಕ್ಕೆ ನಿಂತಿದೆ. ಮನೆಗೆ ಹೋಗಿ,” ಅಂದರು ಡಾಕ್ಟರು. “ಜ್ವರ ಬಂದ್ರೆ ಅವತ್ತೇ ಬನ್ನಿ.”

ಸದ್ಯಕ್ಕೆ. ನನಗೆ ಅಷ್ಟು ಸಾಕಿತ್ತು.

ಬಟ್ಟೆಯ ಗಂಟು ಹಿಡಿದು ಎದ್ದೆ. ಬಾಗಿಲಲ್ಲಿ ಅಮ್ಮ ಸೆರಗಿನಿಂದ ತನ್ನ ಮೂಗನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

ನಾನು ಹಿಂದಿರುಗಿ ಮಂಚದ ಮೇಲೆ ಕೂತೆ.

“ಸೀನಿಬಿಡಮ್ಮ,” ಅಂದೆ. “ಎಷ್ಟು ಬೇಕಾದ್ರೂ ಸೀನು. ನಾನು ಕೂತಿರ್ತೀನಿ.”